ಸಾವಂತ್ರಿಗೆ ಅತ್ತ ಮನೆ

ನಮ್ಮ ಊರಿನಲ್ಲಿ ಸತ್ತವರ ಮನೆಯಲ್ಲಿ ಯಾರೂ ಅಳುವುದಿಲ್ಲ. ಅಳು ಬೇರೆ ಮನೆಗೆ ಹೋಗುತ್ತದೆ. ಯಾವ ಮನೆಗೆ ಎಂದು ಮೊದಲೇ ಹೇಳಲಿಕ್ಕೆ ಬರುವುದಿಲ್ಲ. ಕೆಳಗಿನ ಓಣಿಯಲ್ಲಿ ಒಬ್ಬ ಮುದುಕ ಕಣ್ಣು ಮುಚ್ಚಿದರೆ, ಆತನ ಮುಖವನ್ನೂ ಸರಿಯಾಗಿ ನೋಡದ ಮೇಲಿನ ಓಣಿಯ ಬಳೆಗಾರ ಬಳೆಯ ಮಲಾರವನ್ನು ಮಗ್ಗುಲಿಗೆ ಸರಿಸಿ, ಗೋಡೆಗೆ ತಲೆ ಹಚ್ಚಿ ಅಳುತ್ತ ಕೂತುಬಿಡುತ್ತಾನೆ. ಯಾರಿಗಾಗಿ ಅಳುತ್ತಿದ್ದೇನೆಂಬುದು ಆತನಿಗೇ ಗೊತ್ತಿರುವುದಿಲ್ಲ. ಅದನ್ನು ಹೋಗಿ ಹೇಳುವುದು ನನ್ನ ಕೆಲಸವಾಗಿತ್ತು.

ನನಗಿಂತ ಮೊದಲು ನಮ್ಮಪ್ಪ ಮಾಡುತ್ತಿದ್ದ. ಸಾವಿನ ಸುದ್ದಿ ಬಂದ ಕೂಡಲೇ ಸತ್ತವರ ಮನೆಗೆ ಹೋಗಿ ಹೆಸರು ಕೇಳಿಕೊಂಡು, ಅವರ ಕಟ್ಟೆಯ ಕೆಳಗೆ ಚಪ್ಪಲಿ ಬಿಟ್ಟು ಹೊರಡಬೇಕು. ಒಂದೊಂದು ಬಾಗಿಲ ಮುಂದೆ ನಿಂತು "ಊಟ ಆತೇನು?" ಎಂದು ಕೇಳಬೇಕು. ಬೇರೆ ಏನನ್ನೂ ಕೇಳುವಂತಿಲ್ಲ. ಆತು ಎಂದರೆ ಮುಂದಿನ ಮನೆ. ದುಃಖ ಬಂದ ಮನೆಯವರಿಗೆ ಅಷ್ಟು ಸಣ್ಣ ಪ್ರಶ್ನೆಗೂ ಉತ್ತರ ಕೊಡಲಿಕ್ಕೆ ಆಗುವುದಿಲ್ಲ. ಬಾಯಿ ತೆರೆದರೆ ಅಳುವೇ ಬರುತ್ತದೆ. ಆಗ ಒಳಗೆ ಹೋಗಿ, ಅವರ ಎದುರು ಕೂತು, ಹೆಸರು ಹೇಳಬೇಕು. ಹೆಸರು ಕಿವಿಗೆ ಬಿದ್ದ ಮೇಲೆ ದುಃಖಕ್ಕೆ ಒಂದು ಹಿಡಿಕೆ ಸಿಕ್ಕಂತಾಗುತ್ತದೆ. ಅತ್ತು ಮುಗಿಸಲಿಕ್ಕೆ ದಾರಿ ಆಗುತ್ತದೆ. ಮೂರನೆಯ ದಿನ ಹೊತ್ತು ಮುಳುಗುವುದರೊಳಗೆ ಸತ್ತವರ ಮನೆಯವರು ಆ ಮನೆಗೆ ಅನ್ನ, ತುಪ್ಪ ಒಯ್ದು ಬಡಿಸುತ್ತಾರೆ. ಮುಂದೆ ಪ್ರತಿ ವರ್ಷ ಅದೇ ತಿಥಿಗೆ ಒಯ್ಯುತ್ತಾರೆ. ಹೀಗಾಗಿ ನಮ್ಮಲ್ಲಿ ಬೀಗತನಕ್ಕಿಂತ ಅನ್ನ ಒಯ್ಯುವ ನಂಟೇ ದೊಡ್ಡದು. ಜಗಳ ಆಡಿದವರೂ ಆ ಒಂದು ದಿನ ಒಬ್ಬರ ಮನೆಗೆ ಒಬ್ಬರು ಹೋಗಿ ಎಲೆ ಹಾಸುತ್ತಾರೆ.

ಮೂರು ದಿನದೊಳಗೆ ಅಳುವ ಮನೆ ಸಿಗದಿದ್ದರೆ ಆ ಸಾವಿಗೆ ಅಳುವವರಿಲ್ಲ ಎಂದು ಊರು ತೀರ್ಮಾನಿಸುತ್ತದೆ. ಅಂಥವರ ಹೆಸರನ್ನು ಮತ್ತೆ ಯಾವ ಕೂಸಿಗೂ ಇಡುವುದಿಲ್ಲ. ಅವರ ಮಕ್ಕಳ ಲಗ್ನದ ಮಾತು ಬಂದಾಗ ಹಿರಿಯರು ಮಾತು ಬದಲಿಸುತ್ತಾರೆ. ನಮ್ಮಪ್ಪನ ಕಾಲದಲ್ಲಿ ಹಾಗೆ ಎರಡು ಆಗಿದ್ದವಂತೆ. ನನ್ನ ನಲವತ್ತು ವರ್ಷದಲ್ಲಿ ಒಂದೂ ಆಗಲಿಲ್ಲ ಎಂದು ಊರವರು ಹೆಮ್ಮೆಯಿಂದ ಹೇಳುತ್ತಿದ್ದರು. ನನ್ನ ಹೆಸರೆತ್ತಿ, ಹುಚ್ಚೀರಪ್ಪನ ಕಾಲುಗಳು ದುಃಖದ ವಾಸನೆ ಹಿಡಿಯುತ್ತವೆ ಎನ್ನುತ್ತಿದ್ದರು. ನಾನು ಕೇಳಿಸಿಕೊಂಡು ಸುಮ್ಮನಿರುತ್ತಿದ್ದೆ.

ಹಳೆಯ ಅರಳೆ ಗೋದಾಮಿನಲ್ಲಿ ಊರಿಗೆ ಕಾಲೇಜು ಬಂದಾಗ ನನಗೆ ಅರವತ್ತು ದಾಟಿತ್ತು. ಮೊದಲು ಇತಿಹಾಸ, ಕನ್ನಡ ಅಷ್ಟೇ ಇದ್ದವು. ನಾಲ್ಕು ವರ್ಷದ ಮೇಲೆ ಮನಸ್ಸಿನ ಶಾಸ್ತ್ರ, ಸಮಾಜದ ಶಾಸ್ತ್ರ ಎರಡೂ ಸೇರಿಸಿ ಒಂದು ವಿಭಾಗ ತೆರೆದರು. ಮಂದಿ ಹೇಗೆ ನಡೆದುಕೊಳ್ಳುತ್ತಾರೆ, ಯಾಕೆ ಹಾಗೆ ನಡೆದುಕೊಳ್ಳುತ್ತಾರೆ ಎಂಬುದನ್ನು ಮೂರು ವರ್ಷ ಕಲಿಸುತ್ತಾರೆ ಎಂದು ಸುದ್ದಿಯಾಯಿತು. ಕ್ಷೌರದ ತುಕಾರಾಮನಿಗೆ ನಗು ತಡೆಯಲಾಗಲಿಲ್ಲ.

"ಮಂದಿ ನಡವಳಿಕಿ ಕಲಿಯಾಕ ಮೂರು ವರ್ಷ ಬೇಕೇನ್ಲೇ? ನನ್ನ ಕುರ್ಚಿ ಹಿಂದ ಮೂರು ದಿನ ನಿಂದರ್ರಿ, ಪದವಿ ನಾನ ಕೊಡ್ತೀನಿ," ಎಂದು ದಾರಿಯಲ್ಲಿ ಹೋಗುವ ಹುಡುಗರನ್ನು ಕರೆದು ಕರೆದು ಹೇಳುತ್ತಿದ್ದ.

ಕಲಿಸಲಿಕ್ಕೆ ಬಂದವರು ಪದ್ಮರಾಜ ಮಾಸ್ತರರು. ಹೊರಗಿನವರು, ತೆಳ್ಳಗಿನ ಆಳು, ಬಿಸಿಲಿಗೂ ಮಳೆಗೂ ಒಂದೇ ಕಪ್ಪು ಕೊಡೆ. ಮೊದಲ ವರ್ಷ ನಮ್ಮ ಪದ್ಧತಿ ಕೇಳಿ ಅವರು ನಂಬಲಿಲ್ಲ. ಇದೆಲ್ಲ ಒಬ್ಬರನ್ನು ನೋಡಿ ಒಬ್ಬರು ಕಲಿತದ್ದು ಎಂದರು. ಆ ಮಳೆಗಾಲದಲ್ಲಿ ಕುಂಬಾರ ಓಣಿಯ ಒಬ್ಬಾತ ತೀರಿಕೊಂಡ. ನಾನು ಮನೆ ಮನೆ ತಿರುಗಿ ಕೊನೆಗೆ ಕಾಲೇಜಿಗೆ ಹೋದರೆ, ಮಾಸ್ತರರು ಕೈಯಲ್ಲಿ ಸೀಮೆಸುಣ್ಣ ಹಿಡಿದುಕೊಂಡು ಕರಿಹಲಗೆಗೆ ಮುಖ ಮಾಡಿ ನಿಂತಿದ್ದರು, ಭುಜ ಅಲುಗಾಡುತ್ತಿದ್ದವು. ಹುಡುಗರು ಏನು ಮಾಡಬೇಕೆಂದು ತಿಳಿಯದೆ ಕೂತಿದ್ದರು. ನಾನು ಹೆಸರು ಹೇಳಿದೆ. ಒಂಬತ್ತು ದಿನ ಅವರು ಏಳಲಿಲ್ಲ. ಕುಂಬಾರನ ಹೆಂಡತಿ ಅನ್ನ ತಂದು ಬಡಿಸಿದಾಗ ಎರಡೂ ಕೈ ಜೋಡಿಸಿದರು. ಅದಾದ ಮೇಲೆ ಅವರು ನಂಬುವುದು ನಂಬದಿರುವುದು ಎರಡನ್ನೂ ಬಿಟ್ಟು ಎಣಿಸಲಿಕ್ಕೆ ಸುರು ಮಾಡಿದರು.

ಆ ವಿಭಾಗಕ್ಕೆ ಏಳು ಜನ ಸೇರಿದರು. ಅದರಲ್ಲಿ ಒಬ್ಬಳು ನೀಲಾಂಬಿಕೆ, ಗಾದಿ ಹೊಲಿಯುವ ಕಾಂತಪ್ಪನ ಒಬ್ಬಳೇ ಮಗಳು. ತಾಯಿ ಸಾವಂತ್ರಿ ಅವಳಿಗೆ ಎಂಟು ವರ್ಷ ಇದ್ದಾಗ ತೀರಿಕೊಂಡಿದ್ದಳು. ಸಾವಂತ್ರಿ ಮನೆ ಮನೆಗೆ ಹೋಗಿ ಸವೆದ ಬೀಸುವ ಕಲ್ಲುಗಳನ್ನು ಉಳಿಯಿಂದ ಕಟೆದು ಕೊಡುತ್ತಿದ್ದವಳು. ಮಾತು ಕಡಿಮೆ. ಕಲ್ಲಿನ ಮೇಲೆ ಉಳಿ ಬೀಳುವ ಸಪ್ಪಳ ಕೇಳಿದರೆ ಇವತ್ತು ಯಾರ ಮನೆಯಲ್ಲಿದ್ದಾಳೆ ಎಂದು ಓಣಿಗೆಲ್ಲ ತಿಳಿಯುತ್ತಿತ್ತು.

ಕಡೆಯ ವರ್ಷ ಪ್ರತಿಯೊಬ್ಬರೂ ಒಂದು ಪ್ರಬಂಧ ಬರೆಯಬೇಕಂತೆ. ಮಂದಿಯನ್ನು ಕೇಳಿ, ಎಣಿಸಿ, ಹೋಲಿಸಿ ಬರೆಯುವ ಪ್ರಬಂಧ. ಒಂದು ಮುಂಜಾನೆ ನಾನು ಅಂಗಳದಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸುತ್ತ ಕೂತಿದ್ದಾಗ ನೀಲಾಂಬಿಕೆ ಉದ್ದನೆಯ ನೋಟುಬುಕ್ಕು ಎದೆಗೆ ಅವಚಿಕೊಂಡು ಬಂದಳು.

"ಅಜ್ಜಾ, ದುಃಖ ಯಾವ ಮನಿಗೆ ಹೋಗತೈತಿ, ಯಾಕ ಅದ ಮನಿಗೆ ಹೋಗತೈತಿ ಅಂತ ನೋಡಾಕಿ ಅದೀನಿ. ನೀವು ಹೇಳಬೇಕು."

"ಅದು ನನಗ ಗೊತ್ತಿದ್ರ ನಲವತ್ತು ವರ್ಷ ಬರಿಗಾಲಿಲೆ ಯಾಕ ತಿರಗತಿದ್ನೆವ್ವಾ?"

"ಯಾಕ ಅನ್ನೂದು ಬ್ಯಾಡ. ಯಾರು ಸತ್ರು, ಯಾರು ಅತ್ರು, ಅಷ್ಟ ಹೇಳ್ರಿ. ಉಳಿದದ್ದು ಲೆಕ್ಕ ಹೇಳತೈತಿ."

ನಾನು ಮೂರನೆಯ ಇಯತ್ತೆಗೆ ಸಾಲಿ ಬಿಟ್ಟವನು. ಬರೆದಿಟ್ಟುಕೊಳ್ಳಲಿಕ್ಕೆ ಬಾರದವನು ನೆನಪಿಡಲೇಬೇಕು. ಒಂದು ಸಾವಿನಿಂದ ಇನ್ನೊಂದು ಸಾವಿಗೆ ಓಣಿ ಹಿಡಿದು ನಡೆದ ಹಾಗೆ ನಾನು ಹೇಳುತ್ತ ಹೋದೆ. ಅವಳು ಬರೆಯುತ್ತ ಹೋದಳು. ವಾರಕ್ಕೆ ಮೂರು ದಿನ ಬರುತ್ತಿದ್ದಳು. ದೊಡ್ಡ ಹಾಳೆಯ ಮೇಲೆ ಊರಿನ ಓಣಿಗಳನ್ನೆಲ್ಲ ಬರೆದುಕೊಂಡು, ಸತ್ತ ಮನೆಗೆ ಕರಿ ಚುಕ್ಕಿ, ಅತ್ತ ಮನೆಗೆ ಕೆಂಪು ಚುಕ್ಕಿ ಇಟ್ಟು, ನಡುವೆ ಪೆನ್ಸಿಲ್ಲಿನಿಂದ ಗೆರೆ ಎಳೆಯುತ್ತಿದ್ದಳು. ಹಾಳೆ ತುಂಬ ಜೇಡರ ಬಲೆಯಾಯಿತು. ಹತ್ತಿರದ ಮನೆಗೆ ಹೋಗುತ್ತದೋ ಎಂದು ನೋಡಿದಳು, ಇಲ್ಲ. ಒಂದೇ ಜಾತಿಯೊಳಗೆ ಹೋಗುತ್ತದೋ ಎಂದು ನೋಡಿದಳು, ಇಲ್ಲ. ಜಗಳ ಇದ್ದ ಮನೆಗೆ ಹೋಗುತ್ತದೋ ಎಂದು ನೋಡಿದಳು.

"ಅದೂ ಇಲ್ಲ ಅಜ್ಜಾ," ಎಂದು ಪೆನ್ಸಿಲ್ಲಿನ ತುದಿ ಕಚ್ಚಿದಳು. "ಒಬ್ಬರು ಹೇಳಿದ್ದು ಕಥಿ, ನೂರು ಮಂದಿ ಹೇಳಿದ್ರ ಅದು ಪುರಾವೆ ಅಂತಾರ ನಮ್ಮ ಸರ್. ಮುನ್ನೂರು ಸಾವು ಬರದೀನಿ, ಏನೂ ಕಾಣವಲ್ದು."

"ನೂರು ಮಂದಿನೂ ಸುಳ್ಳು ಹೇಳಿದ್ರ?"

"ಅದಕ್ಕೊಂದು ಬ್ಯಾರೆ ಪಾಠ ಐತಿ. ಮುಂದಿನ ಸೆಮಿಸ್ಟರಿಗೆ." ಅವಳು ನಕ್ಕಳು. ನಾನೂ ನಕ್ಕೆ. ಆದರೆ ಆ ಮಾತು ನನ್ನ ಬಾಯಿಂದ ಯಾಕೆ ಬಂತು ಎಂದು ಆಮೇಲೆ ಬಹಳ ಹೊತ್ತು ಯೋಚಿಸಿದೆ.

ಒಂದು ಮಧ್ಯಾಹ್ನ ಅವಳು ಬಂದವಳು ಪುಸ್ತಕ ಬಿಚ್ಚಲಿಲ್ಲ.

"ಇನ್ನ ಒಂದ ಉಳೀತು ಅಜ್ಜಾ. ನಮ್ಮವ್ವಂದು."

"ಬರಕೋ," ಎಂದೆ. ಹನ್ನೆರಡು ವರ್ಷ ಹೇಳಿಕೊಂಡು ಬಂದದ್ದೇ ನಾಲಗೆಗೆ ಬಂತು. "ಎಣ್ಣಿ ಓಣಿ ಶಿವಲಿಂಗವ್ವನ ಮನಿ."

"ನಾ ನಿನ್ನೆ ಅಲ್ಲಿಗೆ ಹೋಗಿದ್ದೆ." ಅವಳ ಧ್ವನಿ ಮೆತ್ತಗೆ ಇತ್ತು. "ಎಲ್ಲಾರ್ನೂ ಕೇಳೂ ಹಂಗ ಕೇಳಿದೆ. ನಿಮಗ ದುಃಖ ಬಂದಾಗ ಹೆಂಗನಿಸ್ತು, ಎಷ್ಟು ದಿನ ಇತ್ತು. ಆ ಅಮ್ಮ ನನ್ನ ಕೈ ಹಿಡಕೊಂಡು ಅಂದ್ಲು, ತಂಗಿ, ನಾ ಸಾಯೂದ್ರಾಗ ಹೇಳಿಬಿಡ್ತೀನಿ, ನನಗ ದುಃಖ ಬಂದಿರ್ಲಿಲ್ಲವ್ವಾ, ದವಡಿ ಹಲ್ಲು ನೋಯ್ತಿತ್ತು ಅಂತ."

ಕೈಯಲ್ಲಿದ್ದ ಹುಣಸೆಬೀಜವನ್ನು ನಾನು ಬುಟ್ಟಿಗೆ ಹಾಕಬೇಕಾದದ್ದು ನೆಲಕ್ಕೆ ಹಾಕಿದೆ.

ಆಮೇಲೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಸಾವಂತ್ರಿ ಹೋದಾಗ ನಾನು ಮೂರು ದಿನ ತಿರುಗಿದೆ. ಪ್ರತಿ ಮನೆಯ ಮುಂದೂ ನಿಂತೆ. ಎಲ್ಲರೂ ಊಟ ಆತು ಎಂದರು. ಅಳುವ ಮನೆ ಇರಲಿಲ್ಲ. ಮೂರನೆಯ ದಿನ ಹೊತ್ತು ಇಳಿಯುತ್ತಿರುವಾಗ ಎಣ್ಣೆ ಓಣಿಯ ಹಿತ್ತಲಲ್ಲಿ ಶಿವಲಿಂಗವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡು ಕಣ್ಣೀರು ಸುರಿಸುತ್ತಿದ್ದಳು. ಒಂದು ಗಲ್ಲ ಬಾತುಕೊಂಡಿತ್ತು. ನೋಡಿದ ಕೂಡಲೇ ನನಗೆ ತಿಳಿಯಿತು. ಆದರೂ ಸಾವಂತ್ರಿಯ ಹೆಸರು ಹೇಳಿದೆ. "ಯಪ್ಪಾ, ನನಗ ಹಲ್ಲು ನೋವು," ಎಂದಳು. "ಇರಲಿ, ಅನ್ನ ತಗೋ, ಒಂದು ಸಣ್ಣ ಕೂಸು ಐತಿ ಆ ಮನ್ಯಾಗ," ಎಂದೆ. ಅವಳು ಹೂಂ ಎಂದಳು. ಆ ಕೂಸಿನ ತಾಯಿಗೆ ಅಳುವವರಿಲ್ಲ ಎಂದು ಊರು ಅನ್ನಬಾರದೆಂದು ಮಾಡಿದೆ. ನನ್ನ ಹೆಸರಿಗೆ ಕುಂದು ಬರಬಾರದೆಂಬುದೂ ಅದರಲ್ಲಿತ್ತು. ಎಷ್ಟು ಪಾಲು ಎಂದು ಈಗಲೂ ಹೇಳಲಾರೆ.

ನೀಲಾಂಬಿಕೆ ಎಲ್ಲ ಕೇಳಿದಳು. ಬೈಯಲಿಲ್ಲ.

"ಹಂಗಾರ ನಮ್ಮವ್ವಗ ಯಾರೂ ಅಳಲಿಲ್ಲ," ಎಂದಳು.

ಅವಳು ಎದ್ದು ಹೋದಳು. ನೋಟುಬುಕ್ಕು ಅಲ್ಲೇ ಉಳಿಯಿತು.

ಮರುದಿನ ನಾನೇ ಕಾಂತಪ್ಪನ ಮನೆಗೆ ಹೋದೆ. ಅವನು ಕಾಲು ಚಾಚಿ ಕೂತು ಗಾದಿಗೆ ದಬ್ಬಳ ಹಾಕುತ್ತಿದ್ದ. ನಾನು ಹೇಳಿ ಮುಗಿಸುವ ತನಕ ಹೊಲಿಗೆ ನಿಲ್ಲಿಸಲಿಲ್ಲ.

"ಹನ್ನೆರಡು ವರ್ಷ ಹಲ್ಲಿಗೆ ತುಪ್ಪ ಹಾಕೀನಿ ಅನ್ನು," ಎಂದ. ಆಮೇಲೆ ದಾರ ಕಡಿದು, "ಊರಿಗೆ ಹೇಳಬ್ಯಾಡ ಹುಚ್ಚೀರಪ್ಪಣ್ಣ. ಈಗ ಹೇಳಿದ್ರ ನನ್ನ ಮಗಳಿಗೆ ಕೆಟ್ಟದ್ದು. ನಿನಗೂ ಅದ ಬೇಕಾಗೇತಿ, ನನಗೊತ್ತು. ಆದರ ನನ್ನ ಸಲುವಾಗಿ ಹೇಳಬ್ಯಾಡ," ಎಂದ. ಒಳಗೆ ನೀಲಾಂಬಿಕೆ ಪಾತ್ರೆ ತಿಕ್ಕುವ ಸಪ್ಪಳ ಬರುತ್ತಿತ್ತು. ಹೊರಗೆ ಬರಲಿಲ್ಲ.

ಹತ್ತು ದಿನ ಕಳೆದ ಮೇಲೆ ಪದ್ಮರಾಜ ಮಾಸ್ತರರು ಕೊಡೆ ಹಿಡಿದು ನಮ್ಮ ಮನೆಗೆ ಬಂದರು. ಅವರಿಗೆ ಹುಡುಗಿ ಎಲ್ಲ ಹೇಳಿದ್ದಳು.

"ಪ್ರಬಂಧ ಬಿಡ್ತೀನಿ ಅಂತಾಳೆ ಯಜಮಾನ್ರೇ. ಪದವಿಯೇ ಬೇಡವಂತೆ. ಮುನ್ನೂರು ಸಾವಿನ ದುಃಖ ಬರೆದುಕೊಂಡೆ, ನನ್ನ ತಾಯಿಯದು ಒಂದು ಖಾಲಿ ಇಟ್ಟು ಹ್ಯಾಗೆ ಬರೀಲಿ ಅಂತ ಕೇಳ್ತಾಳೆ." ಅವರು ಕಟ್ಟೆಯ ಮೇಲೆ ಕೂತರು. ಕೊಡೆ ಮಡಚಿಟ್ಟು, "ಆ ಮೂರು ದಿನ ಎಷ್ಟು ಮನೆಗೆ ಹೋಗಿದ್ರಿ?" ಎಂದರು.

"ಎಲ್ಲಾ ಮನಿಗೂ ಹೋಗಿದ್ದೆ. ಇನ್ನೂರ ಹದಿನಾಕು."

"ಎಲ್ಲರದೂ ಊಟ ಆಗಿತ್ತಾ?"

"ಆತು ಅಂದ್ರು."

"ಏನು ಊಟ ಮಾಡಿದ್ರು?"

"ಅದನ್ನ ಕೇಳೂ ಪದ್ಧತಿ ಇಲ್ರೀ."

ಮಾಸ್ತರರು ನನ್ನ ಮುಖ ನೋಡಿದರು. "ಕೇಳೋ ಹಾಗಿಲ್ಲ, ಸರಿ. ಕಣ್ಣಿಗೆ ಬಿದ್ದದ್ದು?"

ನಾನು ಬಾಯಿ ತೆರೆದೆ. ಅವರು ಥಟ್ಟನೆ ಕೈ ಎತ್ತಿದರು. "ಬೇಡ. ಈಗ ಹೇಳಬೇಡಿ. ನನಗೂ ಬೇಡ, ಅವಳಿಗಂತೂ ಬೇಡ. ಯಾರ ಹತ್ರವೂ ಒಂದು ಮಾತು ಆಡಬೇಡಿ. ನೆನಪು ಮಾಡಿಕೊಂಡು ಒಳಗೇ ಇಟ್ಟುಕೊಳ್ಳಿ. ನಾನು ಕರೆಸ್ತೀನಿ."

ಅವರು ಏನು ಮಾಡಿದರೆಂಬುದು ನನಗೆ ಆಮೇಲೆ ತಿಳಿಯಿತು. ನೀಲಾಂಬಿಕೆಯನ್ನು ಮನೆಯಿಂದ ಹೊರಗೆ ಬರಬೇಡ ಎಂದರು. ಅವಳ ಮುಖ ನೋಡಿದರೆ ಊರವರು ಕರುಣೆಯಿಂದ ಏನಾದರೂ ನೆನಪು ಮಾಡಿಕೊಂಡು ಹೇಳಿಬಿಡುತ್ತಾರೆ, ಅಂಥದ್ದು ಬೇಡ ಎಂದರು. ಉಳಿದ ಆರು ಜನರನ್ನು ಕಳಿಸಿದರು. ಸಾವಂತ್ರಿಯ ಹೆಸರು ಎತ್ತಲಿಲ್ಲ. ಸಾವಂತ್ರಿ ಸತ್ತ ದಿನವೇ ನಮ್ಮ ಊರಿಗೆ ಮೊದಲ ಬಸ್ಸು ಬಂದಿತ್ತು. ಅದರ ಹಿಂದಿನ ವರ್ಷ ಗಾಳಿಗೆ ಸಾಲಿಯ ತಗಡು ಹಾರಿ ಕೆರೆಯಲ್ಲಿ ಬಿದ್ದಿತ್ತು. ತಗಡು ಹಾರಿದಾಗ ಊರಿನಲ್ಲಿ ಯಾರೂ ಸತ್ತಿರಲಿಲ್ಲ. ಬಸ್ಸು ಬಂದ ದಿನದಿಂದ ಮೂರು ದಿನ ನಿಮ್ಮ ಮನೆಯಲ್ಲಿ ಏನೇನಾಯಿತು, ತಗಡು ಹಾರಿದ ದಿನದಿಂದ ಮೂರು ದಿನ ಏನೇನಾಯಿತು, ಎರಡನ್ನೂ ಒಂದೇ ರೀತಿ ಕೇಳಿ, ಹೇಳಿದ್ದನ್ನು ಹೇಳಿದ ಹಾಗೆ ಬರೆದುಕೊಂಡು, ಪ್ರತಿ ಮನೆಯ ಹಾಳೆಯನ್ನು ಅಲ್ಲಿಯೇ ಲಕೋಟೆಗೆ ಹಾಕಿ ಅಂಟಿಸಬೇಕು. ಒಬ್ಬರದನ್ನು ಇನ್ನೊಬ್ಬರು ಓದುವಂತಿಲ್ಲ.

ಊರಿಗೆ ಇದು ಹೊಸ ಮೋಜಾಯಿತು. ತುಕಾರಾಮ ತನ್ನ ಮನೆಗೆ ಬಂದ ಹುಡುಗನನ್ನು, "ಬಸ್ಸು ಬಂದ ದಿನ ನಾ ಏನ ಮಾಡಿದ್ನೆಪ್ಪಾ? ಬಸ್ಸಿನ ಗಡ್ಡ ತಗೀಲಿಲ್ಲ, ಅಷ್ಟ ನೆನಪೈತಿ," ಎಂದು ಕಾಡಿದನಂತೆ. ಆಮೇಲೆ ಕುರ್ಚಿಯಲ್ಲಿ ತಾನೇ ಕೂತು ಏನೋ ಹೇಳಿದನಂತೆ. ಏನು ಎಂದು ಆ ಹುಡುಗ ಯಾರಿಗೂ ಬಾಯಿ ಬಿಡಲಿಲ್ಲ.

ಕರೆ ಬಂದ ದಿನ ನಾನು ಒಗೆದ ಧೋತರ ಉಟ್ಟುಕೊಂಡು ಕಾಲೇಜಿಗೆ ಹೋದೆ. ಒಂದು ಕೋಣೆ, ಏಳು ಹುಡುಗ ಹುಡುಗಿಯರು, ಮೇಜಿನ ಮೇಲೆ ಲಕೋಟೆಗಳ ರಾಶಿ. ನೀಲಾಂಬಿಕೆ ಕಿಟಕಿಯ ಪಕ್ಕದ ಬೆಂಚಿನ ಮೇಲೆ ಕೂತಿದ್ದಳು. ನನ್ನನ್ನು ನೋಡಿ ಕಣ್ಣು ಕೆಳಗೆ ಹಾಕಿದಳು. ಮಾಸ್ತರರು ಅವಳಿಗೂ ಏನು ನಡೆಯುತ್ತದೆ ಎಂದು ಪೂರ್ತಿ ಹೇಳಿರಲಿಲ್ಲವೆಂದು ಕಾಣುತ್ತದೆ.

ನಾನು ಕೂರುವ ಮೊದಲು ಹೇಳಿದೆ. "ನಾ ಈ ಹುಡುಗಿ ತಾಯಿ ಸಾವಿನ್ಯಾಗ ಸುಳ್ಳು ಮನಿ ತೋರಿಸಿದಾಂವ. ಇದನ್ನ ಕಾಂತಪ್ಪ ಊರಿಗೆ ಹೇಳಬ್ಯಾಡ ಅಂದಾನ. ಇಲ್ಲಿ ಹೇಳಲಿಲ್ಲಂದ್ರ ನನ್ನ ಉಳಿದ ಮಾತಿಗೆ ಬೆಲಿ ಇರೂದಿಲ್ಲ. ತಿಳಕೊಂಡು ಕೇಳ್ರಿ."

"ಇದು ಈ ಕೋಣೆಯಲ್ಲೇ ಇರುತ್ತೆ," ಎಂದರು ಮಾಸ್ತರರು. "ಈಗ ನೀವು ನಡೆದ ದಾರಿಯಲ್ಲಿ ಹೇಳುತ್ತ ಹೋಗಿ. ನೆನಪಿಲ್ಲದ್ದಕ್ಕೆ ನೆನಪಿಲ್ಲ ಅನ್ನಿ. ನಮಗೆ ಖುಷಿಯಾಗಲಿ ಅಂತ ಏನೂ ಸೇರಿಸಬೇಡಿ."

ನಾನು ಕಣ್ಣು ಮುಚ್ಚಿ ನಡೆದೆ. ಮೊದಲನೆಯದು ಹೂಗಾರರ ಮನೆ. ಊಟ ಆತು ಎಂದರು. ಆದರೆ ಪಡಸಾಲೆಯಲ್ಲಿ ಅರ್ಧ ಕಟ್ಟಿದ ಹಾರ, ನೂಲು ಗಂಟಾಗಿ ಬಿದ್ದಿತ್ತು. ಒಬ್ಬ ಹುಡುಗ ಲಕೋಟೆ ಹರಿದು ಓದಿದ: "ಬಸ್ಸು ಬಂದ ದಿನ ಹಾರ ಸರಿ ಬರದೆ ಮೂರು ಸಲ ಬಿಚ್ಚಿದೆವು." ಎರಡನೆಯ ಮನೆ ನೆನಪಿಲ್ಲ ಎಂದೆ. ಮೂರನೆಯದರಲ್ಲಿ ಹಂಚಿನ ಮೇಲೆ ರೊಟ್ಟಿ ಕರಿಯಾಗಿ ಹೊಗೆ ಬರುತ್ತಿತ್ತು, ಆ ಹೆಣ್ಣುಮಗಳು ಹಂಚಿನ ಮುಂದೆಯೇ ಕೂತಿದ್ದಳು, ನೋಡುತ್ತಲೇ ಇದ್ದಳು. ಲಕೋಟೆಯಲ್ಲಿ ಏನೂ ನೆನಪಿಲ್ಲ ಎಂದಿತ್ತು. "ತಾಳೆ ಇಲ್ಲ," ಎಂದು ಮಾಸ್ತರರು ಗುರುತು ಹಾಕಿದರು. ನಾಲ್ಕನೆಯದರಲ್ಲಿ ಮುದುಕಿಯೊಬ್ಬಳು ಮೊಮ್ಮಗಳ ತಲೆ ಬಾಚುತ್ತಿದ್ದಳು. ನಾನು ಆ ಓಣಿ ಮುಗಿಸಿ ತಿರುಗಿ ಬರುವಾಗಲೂ ಅದೇ ಎಳೆಯನ್ನು ಬಾಚುತ್ತಿದ್ದಳು. ಲಕೋಟೆಯಲ್ಲಿ ಮೊಮ್ಮಗಳ ಮಾತಿತ್ತು: "ಅಜ್ಜಿ ಹಣಿಗಿ ಬಿಡಲೇ ಇಲ್ಲ. ಬಸ್ಸು ನೋಡಾಕ ಹೋಗೂದು ತಪ್ಪಿತು." ಲೋಹಾರ ಇಮಾಮಸಾಬ ಆರಿದ ಕುಲುಮೆಗೆ ತಿದಿ ಒತ್ತುತ್ತಿದ್ದ. ಅವನ ಲಕೋಟೆಯಲ್ಲಿ, ಬೆಂಕಿ ಇರಲಿಲ್ಲವೆಂದು ಸಂಜೆ ಗೊತ್ತಾಯಿತು ಎಂದಿತ್ತು. ತುಕಾರಾಮ ಒಬ್ಬ ಗಿರಾಕಿಯ ಒಂದು ಗಲ್ಲ ಬೋಳಿಸಿ ಹಣ ಕೇಳದೆ ಕಳಿಸಿದ್ದ. ಗಿರಾಕಿಯೂ ಅರ್ಧ ಗಡ್ಡದಲ್ಲಿ ಎದ್ದು ಹೋಗಿದ್ದ. ಅವನ ಲಕೋಟೆಯಲ್ಲೂ ಅದೇ ಇತ್ತು, ಓದಿದವನು ಅವನ ಮನೆಗೆ ಹೋಗಿದ್ದ ಹುಡುಗ. "ಇದನ್ನ ನಗಚಾಟಿಕಿ ಮಾಡಬ್ಯಾಡ ತಮ್ಮಾ, ಆ ದಿನ ನನಗೇನಾಗಿತ್ತೋ ನನಗ ತಿಳೀಲಿಲ್ಲ ಅಂತ ಹೇಳಿದ," ಎಂದ.

ಹೀಗೆ ಮಧ್ಯಾಹ್ನ ಕಳೆಯಿತು. ಯಾರೂ ನೀರು ಕುಡಿಯಲಿಕ್ಕೆ ಏಳಲಿಲ್ಲ. ಹಾಲಿಗೆ ಉಪ್ಪು ಹಾಕಿದವರು, ಹಗ್ಗವಿಲ್ಲದ ಕೊಡವನ್ನು ಬಾವಿಗೆ ಬಿಟ್ಟವರು, ಎತ್ತು ಹೂಡದ ಚಕ್ಕಡಿಯಲ್ಲಿ ಹತ್ತಿ ಕೂತವರು. ನಾನು ಇದೆಲ್ಲವನ್ನೂ ಆವತ್ತೇ ಕಂಡಿದ್ದೆ. ಕಂಡು ದಾಟಿ ಹೋಗಿದ್ದೆ. ಅಳುವ ಒಂದು ಮನೆಯನ್ನು ಹುಡುಕುವವನಿಗೆ ಅಳದ ಮನೆಗಳು ಕಾಣುವುದಿಲ್ಲ, ಬರೀ ದಾರಿಯಲ್ಲಿ ಬರುತ್ತವೆ.

ನನಗೆ ನೆನಪಿದ್ದದ್ದು ತೊಂಬತ್ತಮೂರು ಮನೆ. ಅದರಲ್ಲಿ ಐವತ್ತೆಂಟು ಲಕೋಟೆಗೆ ತಾಳೆಯಾದವು. ನನಗೆ ನೆನಪಿಲ್ಲದ ಮನೆಗಳ ಲಕೋಟೆಗಳಲ್ಲೂ ಅಂಥ ಎಡವಟ್ಟುಗಳು ಅರ್ಧಕ್ಕರ್ಧ ಸಿಕ್ಕವು. ತಗಡು ಹಾರಿದ ದಿನದ ಬಗ್ಗೆ ಅದೇ ಜನ ಹೇಳಿದ್ದರಲ್ಲಿ ಅಂಥವು ಏಳು. ಮಾಸ್ತರರು ಎರಡು ಸಲ ಎಣಿಸಿದರು. ಕನ್ನಡಕ ತೆಗೆದು ಒರೆಸಿದರು.

"ಇದನ್ನು ಸಾಬೀತಾಯಿತು ಅಂತ ಬರೆಯೋ ಹಾಗಿಲ್ಲ," ಎಂದರು. "ಹನ್ನೆರಡು ವರ್ಷದ ನೆನಪು, ತಪ್ಪಿರಬಹುದು. ಬಸ್ಸು ಬಂದ ಗದ್ದಲಕ್ಕೆ ಕೆಲವು ರೊಟ್ಟಿ ಸೀದಿರಬಹುದು. ಅದನ್ನೂ ಬರೀಬೇಕು. ಆದರೆ ನೀಲಾಂಬಿಕಾ, ಇದು ಏನೂ ಇಲ್ಲ ಅಂತಲೂ ಬರೆಯೋ ಹಾಗಿಲ್ಲ."

ಅವಳು ಆಗ ಮೊದಲ ಸಲ ಮಾತಾಡಿದಳು. "ಅಂದ್ರ ಎಲ್ಲಾ ಮನಿಗೂ ಸ್ವಲ್ಪ ಸ್ವಲ್ಪ ಹೋಗಿತ್ತೇನ್ರಿ ಸರ್?"

"ಹೋಗಿರಬಹುದು. ಒಂದು ಮನೆಗೆ ಅಳು ಬರುವಷ್ಟು ಇರಲಿಲ್ಲ."

"ಯಾರಿಗೂ ಗೊತ್ತಾಗ್ಲಿಲ್ಲ."

"ಯಾರೂ ಹೆಸರು ಹೇಳಲಿಲ್ಲವಲ್ಲ," ಎಂದರು ಮಾಸ್ತರರು. ಅದು ನನಗೆ ಆಡಿದ ಮಾತಲ್ಲ, ಆದರೂ ನನಗೆ ತಾಗಿತು. ಇನ್ನೂರ ಹದಿನಾಲ್ಕು ಮನೆಯವರು ಹಿಡಿಕೆಯಿಲ್ಲದ ಒಂದು ಚೂರನ್ನು ಹನ್ನೆರಡು ವರ್ಷ ಒಳಗೆ ಇಟ್ಟುಕೊಂಡಿದ್ದರು.

ಅವಳು ಎದ್ದು ಮೇಜಿನ ಹತ್ತಿರ ಬಂದಳು. ತೆರೆದ ಹಾಳೆಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು, ಕಾಳು ಆರಿಸುವವರ ಹಾಗೆ. ಜೊತೆಯ ಹುಡುಗಿಯರು ಅವಳ ಹಿಂದೆ ಬಂದು ನಿಂತರು. ಮಾಸ್ತರರು ಮಾತ್ರ ಇನ್ನೂ ಪಟ್ಟಿಯನ್ನೇ ನೋಡುತ್ತಿದ್ದರು.

"ಊರಲ್ಲಿ ಮನೆ ಎಷ್ಟು?" ಎಂದು ಕೇಳಿದರು.

"ಆವಾಗ ಇನ್ನೂರ ಹದಿನೈದು ಇದ್ದುವ್ರೀ," ಎಂದೆ.

"ಲಕೋಟೆ ಇನ್ನೂರ ಹದಿನಾಲ್ಕು."

"ಇನ್ನೊಂದು ನಮ್ಮ ಮನಿ ಸರ್," ಎಂದಳು ನೀಲಾಂಬಿಕೆ. "ಸತ್ತ ಮನ್ಯಾಗ ಕೇಳೂ ಹಂಗಿಲ್ಲ. ಅಲ್ಲಿಗೆ ಬರೂದಿಲ್ಲಲ್ಲ."

"ಬರೋದಿಲ್ಲ ಅನ್ನೋದು ಪದ್ಧತಿ. ಕೇಳದೆ ಬಿಟ್ಟರೆ ಅದು ಎಣಿಕೆಯಲ್ಲಿ ತಪ್ಪು."

"ನನಗ ಆ ದಿನದ್ದು ಏನೂ ನೆನಪಿಲ್ರಿ. ಅಪ್ಪಗ ಕೇಳಿದ್ರ ಅಪ್ಪ ಹೇಳೂದಿಲ್ಲ."

ಎಲ್ಲರೂ ನನ್ನ ಕಡೆ ನೋಡಿದರು. ನಾನು ಆ ಮನೆಗೆ ಮೂರೂ ದಿನ ಹೋಗಿದ್ದೆ. ಮೊದಲ ದಿನ ಹೆಸರು ಕೇಳಲಿಕ್ಕೆ, ಎರಡನೆಯ ದಿನ ಇನ್ನೂ ಸಿಗಲಿಲ್ಲ ಎಂದು ಹೇಳಲಿಕ್ಕೆ, ಮೂರನೆಯ ದಿನ ಸಿಕ್ಕಿತು ಎಂದು ಸುಳ್ಳು ಹೇಳಲಿಕ್ಕೆ.

"ನೀ ಕಟ್ಟಿ ಮ್ಯಾಲೆ ಕುಂತಿದ್ದಿ ತಂಗಿ," ಎಂದೆ. "ಹಸರು ಲಂಗ, ಹಸರು ಅಂಗಿ. ಒಳಗಿನ ಮೈ ಹೊರಗಾಗಿತ್ತು. ಹೊಲಿಗಿ, ದಾರ, ಗುಂಡಿ ಗಂಟು ಎಲ್ಲಾ ಹೊರಗ ಕಾಣ್ತಿದ್ದುವು."

"ಯಾವತ್ತು?"

"ಮೂರೂ ದಿನ."

"ಅಪ್ಪ ಎಲ್ಲಿದ್ದ?"

"ನಿನ್ನ ಎದುರಿಗೇ ಕುಂತಿದ್ದ. ನಿನ್ನನ್ನ ನೋಡ್ಕೋತ ಕುಂತಿದ್ದ."

ಒಂದು ಹೊಲಿಗೆ ಸೊಟ್ಟಾದರೆ ಇಡೀ ಗಾದಿ ಬಿಚ್ಚಿ ಮತ್ತೆ ಹೊಲಿಯುವ ಕಾಂತಪ್ಪನನ್ನು ಆ ಕೋಣೆಯಲ್ಲಿ ಎಲ್ಲರೂ ಬಲ್ಲರು. ಅದನ್ನು ನಾನು ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ.

"ನೀವ್ಯಾಕ ಸರಿ ಮಾಡ್ಲಿಲ್ಲ ಅಜ್ಜಾ?"

"ನಾ ಅಳೋ ಮನಿ ಹುಡುಕ್ತಿದ್ನೆವ್ವಾ," ಎಂದೆ.

ಅವಳು ಒಂದು ಖಾಲಿ ಹಾಳೆ ಎಳೆದುಕೊಂಡು ಕೂತಳು. ಎಲ್ಲ ಮನೆಗಳಿಗೆ ಇದ್ದಂಥದ್ದೇ ಅಚ್ಚಿನ ಹಾಳೆ. ಮನೆಯ ಯಜಮಾನರ ಹೆಸರು, ಓಣಿ ಬರೆದಳು. ನಾನು ಹೇಳಿದ ಲಂಗದ ಮಾತನ್ನು ಹೇಳಿದ ಹಾಗೆಯೇ ಬರೆದಳು, ಒಂದು ಅಕ್ಷರ ಹೆಚ್ಚಿಲ್ಲ, ಕಡಿಮೆ ಇಲ್ಲ. ಆಮೇಲೆ ಮೇಲೆ ಒಂದು ಸಾಲು ಬಿಟ್ಟುಹೋದದ್ದು ಕಂಡು ಅಲ್ಲಿಗೆ ಕೈ ತಂದಳು. ಆ ದಿನ ಮನೆಯಲ್ಲಿದ್ದವರು ಎಷ್ಟು ಜನ ಎಂಬ ಸಾಲು. ಮೂರು ಎಂದು ಬರೆದಳು. ಆಮೇಲೆ ಅದನ್ನು ಹೊಡೆದುಹಾಕಿ, ಪಕ್ಕದಲ್ಲಿ ಎರಡು ಎಂದು ಬರೆದಳು.